‘ನೋಡಾನ’ ಅನ್ನುವ ಮಾವನಿಗೊಂದು ಕತೆ

ಮೊನ್ನೆ ಇಬ್ಬರು ಎಳೆಯ ಅಧ್ಯಾಪಕರು ಮನೆಗೆ ಬಂದಿದ್ದರು. ಕಾಲೇಜು ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಅವರನ್ನು ಕಥಾ ಕಮ್ಮಟ ನಡೆಸಲು ತಾಲ್ಲೂಕು ಊರುಗಳಿಗೆ ಕಳಿಸುತ್ತಿದ್ದಾರಂತೆ. ‘ನೀವು ಹಿಂದೆ ಹಾಸನದ ಕಡೆ ನಡೆಸಿದವರು, ನಮಗೂ ಏನಾದರೂ ಹೇಳಿ ಸಾರ್’ ಎಂದರು. ತಕ್ಷಣಕ್ಕೆ ಏನು ಹೇಳುವುದೆಂದು ತೋಚಲಿಲ್ಲ, ಕಾಫಿ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ನಮ್ಮ ಮನೆಯವಳು, ‘ಹೊಟ್ಟೆ ತುಂಬ ಕತೆ ಇಟ್ಟುಕೊಂಡು ಒಂದನ್ನಾದರೂ ಹೇಳಬಾರದಾಗಿತ್ತೆ? ಪಾಪ, ಮುಖ ಸಣ್ಣ ಮಾಡಿಕೊಂಡು ಹೋದವು’ ಎಂದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ರೀಡರಾದೆ, ಯಾವಾಗ ಮುಖ್ಯಸ್ಥನಾದೆ ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ಬೇಕಾದವರು ಕಾಲೇಜಿನ ಗೋಡೆಗೆ ಹೊಡೆದಿರುವ ಹಲಗೆ ನೋಡಿಕೊಳ್ಳಲಿ.

ಆಗ ಕಮ್ಮಟ ಎಂಬ ಮಾತು ಚಾಲ್ತಿಯಲ್ಲಿರಲಿಲ್ಲ. ನಾವು ‘ರಚನಾ ವರ್ಗ’ ಎನ್ನುತ್ತಿದ್ದೆವು, ಊರಿನವರು ‘ಕತೆ ಇಸ್ಕೂಲು’ ಎನ್ನುತ್ತಿದ್ದರು. ರಜ ಬಂತೆಂದರೆ ಸಾಕು, ವಿಶ್ವವಿದ್ಯಾನಿಲಯದವರು ನಮ್ಮಂಥ ಕಿರಿಯರನ್ನು ಒಂದೊಂದು ಊರಿಗೆ ಅಟ್ಟುತ್ತಿದ್ದರು. ಒಂದು ವಾರ ಕಾವ್ಯವನ್ನೂ ಕತೆಯನ್ನೂ ಓದಿಸಬೇಕು, ಬರೆಸಬೇಕು. ಕಡೆಯ ದಿನ ಊರವರನ್ನು ಕರೆದು ಬರೆದವರಿಂದಲೇ ಓದಿಸಬೇಕು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಮರ್ಯಾದೆಗೆ. ದಿಣ್ಣೆ ಬಂದರೆ ಎಲ್ಲರೂ ಇಳಿದು ತಳ್ಳಬೇಕಾಗಿತ್ತು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ರಸ, ಧ್ವನಿ ಎಂದು ಗುನುಗುತ್ತಾ ಹೊರಟ ನಾನು, ಮುಖವೆಲ್ಲ ಮಸಿ ಮಾಡಿಕೊಂಡು ಊರೊಳಗೆ ಇಳಿಯುತ್ತಿದ್ದೆ.

ಮೊದಲ ವರ್ಗ ಹಾಸನದಲ್ಲಿ. ಹೈಸ್ಕೂಲಿನ ಒಂದು ಕೊಠಡಿ ಕೊಟ್ಟಿದ್ದರು. ವಕೀಲರು, ಕೋರ್ಟು ಗುಮಾಸ್ತರು, ಮೇಷ್ಟ್ರುಗಳು ಬಂದು ಬೆಂಚು ತುಂಬಿದರು. ನಾನು ಎರಡು ದಿನ ಅಲಂಕಾರಶಾಸ್ತ್ರ ಕೊರೆದೆ. ಮೂರನೆಯ ದಿನ ಬೆಂಚುಗಳು ಅರ್ಧ ಖಾಲಿ! ಗಾಬರಿಯಾಗಿ, ‘ಶಾಸ್ತ್ರ ಸಾಕು, ನಿಮ್ಮ ಕಣ್ಣಾರೆ ಕಂಡದ್ದನ್ನು ಪದ್ಯ ಮಾಡಿಕೊಂಡು ಬನ್ನಿ’ ಎಂದೆ. ಮರುದಿನ ಎಲ್ಲರ ಪದ್ಯದಲ್ಲೂ ಹಂಸ. ಬಿಳಿ ಹಂಸ, ರಾಜಹಂಸ, ವಿರಹದ ಹಂಸ.

ಮುಂದಿನ ಬೆಂಚಿನಲ್ಲಿದ್ದ ಕೋರ್ಟು ಗುಮಾಸ್ತರನ್ನು, ‘ಹಂಸ ಎಲ್ಲಿ ನೋಡಿದಿರಿ ಸ್ವಾಮಿ?’ ಎಂದು ಕೇಳಿದೆ.

‘ನೋಡಿಲ್ಲ ಸಾರ್. ಆದರೆ ಅದನ್ನ ಬಿಟ್ಟು ಪದ್ಯ ಬರೆಯೋದಾದರೂ ಹೇಗೆ?’ ಎಂದು ಅವರು ನನ್ನನ್ನೇ ಕೇಳಿದರು.

ಆ ರಾಶಿಯಲ್ಲಿ ಹಂಸವಿಲ್ಲದ ಪದ್ಯ ಒಂದೇ ಒಂದು ಇತ್ತು. ಅದರಲ್ಲಿ ಮಾವನೊಬ್ಬನ ಸ್ತುತಿ ಇತ್ತು. ಮಾವ ಮೇರು ಪರ್ವತ, ಮಾವ ಕಲ್ಪವೃಕ್ಷ, ಮಾವ ಕ್ಷೀರಸಾಗರ! ಬರೆದವನು ಬಾಗೂರಿನ ಪ್ರೈಮರಿ ಶಾಲೆಯ ಮೇಷ್ಟ್ರು ಶಿವಣ್ಣ. ತೆಳ್ಳಗೆ, ನನಗಿಂತ ಒಂದೆರಡು ವರ್ಷ ಚಿಕ್ಕವನು, ಸೆಕೆಯಲ್ಲೂ ಕೋಟಿನ ಮೇಲಿನ ಗುಂಡಿ ಬಿಚ್ಚದವನು. ನಾನು ನಕ್ಕುಬಿಟ್ಟೆ. ಸಂಜೆ ವರ್ಗ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದಿದ್ದು ಹತ್ತಿರ ಬಂದ.

‘ಸಾ, ನಾನು ಕವಿ ಆಗೋಕೆ ಬಂದಿಲ್ಲ. ನನಗೆ ಮದುವೆ ಆಗಬೇಕು’ ಎಂದ.

‘ಅದಕ್ಕೆ ವಿಶ್ವವಿದ್ಯಾನಿಲಯ ಏನು ಮಾಡಬೇಕಪ್ಪಾ?’ ಎಂದೆ.

ಅವನು ಬೆಂಚಿನ ತುದಿಯಲ್ಲಿ ಕೂತು ಎಲ್ಲ ಹೇಳಿದ. ಮಾವ ಎಂದರೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು, ಇವನ ತಾಯಿಗೆ ದೊಡ್ಡಪ್ಪನ ಮಗ. ಅವರ ಮಗಳು ಗಿರಿಜ. ಇಬ್ಬರೂ ಒಪ್ಪಿದ್ದಾರೆ, ಎರಡು ಮನೆಯ ಹೆಂಗಸರೂ ಒಪ್ಪಿದ್ದಾರೆ. ಆದರೆ ರುದ್ರಪ್ಪನವರ ಬಾಯಲ್ಲಿ ಹೂಂ ಎಂಬುದೂ ಇಲ್ಲ, ಊಹೂಂ ಎಂಬುದೂ ಇಲ್ಲ. ಏನು ಕೇಳಿದರೂ ಒಂದೇ ಮಾತು.

‘ಮಾಡು ಸೋರ್ತದೆ ಮಾವ ಅಂದ್ರೆ ನೋಡಾನ ಅಂತಾರೆ. ಬಾವಿ ತೋಡಿಸಾನ ಅಂದ್ರೆ ನೋಡಾನ. ಗಿರಿಜನ್ನ ಕೊಡ್ತೀರಾ ಅಂದ್ರೂ ನೋಡಾನ. ಈಗ ಅರಸೀಕೆರೆ ಕಡೆಯಿಂದ ಇನ್ನೊಂದು ಸಂಬಂಧ ಬಂದದೆ ಸಾ. ಅವರಿಗೂ ನೋಡಾನ ಅಂದವ್ರೆ. ಆದರೆ ಅವರು ಜೋರಿನ ಜನ, ಮೇಲೆ ಬಿದ್ದು ಒಪ್ಪಿಸಿಬಿಟ್ರೆ ನನ್ನ ಗತಿ?’

‘ನಿಮ್ಮ ತಾಯಿಯ ಕೈಲಿ ಹೇಳಿಸಿ.’

‘ಹೇಳಿಸಿದ್ದಾಯ್ತು. ಗಿರಿಜ ಹೇಳಿ ಕಳಿಸವ್ಳೆ, ಅಪ್ಪಯ್ಯ ಮಾತಿಗೆ ಬಗ್ಗೋರಲ್ಲ, ಕತೆಗೆ ಬಗ್ತಾರೆ ಅಂತ. ಹರಿಕತೇಲಿ ಯಾರಾದ್ರೂ ಹೆಣ್ಣು ಕೊಡದೆ ಸತಾಯಿಸಿದ್ರೆ ಕೂತಲ್ಲಿಂದಲೇ ಬೈತಾರಂತೆ. ಅದಕ್ಕೇ ಬಂದೆ ಸಾ. ಮಾವನ ಮನಸ್ಸಿಗೆ ತಾಕೋ ಅಂಥ ಒಂದು ಕತೆ ಬರೆಯೋದು ಹೇಳ್ಕೊಡಿ.’

ಎಂ.ಎ. ಮಾಡಿದ್ದು ಇದಕ್ಕೇ ಏನಪ್ಪಾ ಎನ್ನಿಸಿತು. ಆದರೂ ಒಳಗೊಳಗೇ ಖುಷಿಯಾಯಿತು. ಅಷ್ಟು ಜನರಲ್ಲಿ ಬರೆಯಲೇಬೇಕಾದ ಕಾರಣ ಇದ್ದವನು ಅವನೊಬ್ಬನೇ. ಹುಡುಗರೇ, ನಿಮ್ಮ ವರ್ಗಕ್ಕೆ ಅಂಥವನೊಬ್ಬ ಬಂದರೆ ಬಿಡಬೇಡಿ, ಮಿಕ್ಕವರಿಗೆ ಹೇಳಿಕೊಡುವುದೂ ಅವನಿಂದಲೇ ಸಲೀಸಾಗುತ್ತದೆ.

ಮುಂದಿನ ರಜದಲ್ಲಿ ಹೊಳೆನರಸೀಪುರ. ಶಿವಣ್ಣ ಬುತ್ತಿ ಗಂಟು ಹಿಡಿದು ಅಲ್ಲಿಗೂ ಬಂದ. ಈ ಸಲ ನಾನು ಕೊಠಡಿಯನ್ನೇ ಬಿಟ್ಟು ಎಲ್ಲರನ್ನೂ ಹೇಮಾವತಿಯ ದಂಡೆಗೆ ಕರೆದುಕೊಂಡು ಹೋದೆ. ಹೊಳೆ ನೋಡಿ, ಬರೆಯಿರಿ ಎಂದು ನನ್ನ ಯೋಚನೆ. ಅವರ ಯೋಚನೆಯೇ ಬೇರೆ. ನಾಲ್ಕು ಜನ ಈಜಲು ಬಿದ್ದರು, ಇಬ್ಬರು ಪಂಚೆ ಒಗೆದು ಹರವಿದರು, ಉಳಿದವರು ನನ್ನ ಸುತ್ತ ಕೂತು ಪುರಿ, ಕಡಲೆ ತಿಂದರು. ಹೊಳೆಯನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಹೋಗಿ ಹೊಳೆ ನೋಡಿ ಎಂದದ್ದು ನನ್ನ ದಡ್ಡತನ.

ಅಲ್ಲಿ ಶಾಮಣ್ಣ ಎಂಬುವರು ಬರುತ್ತಿದ್ದರು. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಕೂತು ರೈತರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಬೆಳದಿಂಗಳ ಮೇಲೆ ಅವರು ಬರೆದ ಪದ್ಯ ‘ಚಂದ್ರನವರ ಸನ್ನಿಧಾನಕ್ಕೆ, ಹೊಳೆ ದಂಡೆಯ ವಾಸಿ ಶಾಮಣ್ಣನ ಅರಿಕೆ ಏನೆಂದರೆ’ ಎಂದು ಶುರುವಾಗುತ್ತಿತ್ತು. ಹೆಂಡತಿ ತವರಿಗೆ ಹೋಗಿ ತಿಂಗಳಾಯಿತು, ತಾವು ಅಲ್ಲಿಗೂ ಬೆಳಕು ಕೊಡುವವರಾದ್ದರಿಂದ ಸದರಿಯವಳನ್ನು ಜಾಗ್ರತೆ ಕಳಿಸಿಕೊಡಬೇಕು ಎಂದು ಮುಂದಿನ ಸಾಲು. ನಕ್ಕೂ ನಕ್ಕೂ ಎಲ್ಲರಿಗೂ ಹೊಟ್ಟೆ ಹಿಡಿದುಕೊಂಡಿತು. ಶಾಮಣ್ಣ ಮಾತ್ರ ನಗಲಿಲ್ಲ, ಓದಿ ಮುಗಿಸಿ ಹೊಳೆಯ ಕಡೆ ನೋಡುತ್ತಾ ಕೂತರು. ಆಗ ನಮಗೂ ಗೊತ್ತಾಯಿತು, ಆಸಾಮಿಗೆ ನಿಜವಾಗಿಯೂ ಹೆಂಡತಿಯ ನೆನಪು ಬಂದಿದೆ ಎಂದು. ಆ ವಾರ ಬಂದ ಪದ್ಯಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ತಾವು ದಿನಾ ಬಳಸುವ ಮಾತಿನಲ್ಲಿ ಬರೆದಿದ್ದರು, ಅಷ್ಟೇ.

ಶಿವಣ್ಣ ಅಂದು ತನ್ನ ಮೇರು ಪರ್ವತದ ಪದ್ಯವನ್ನು ಹರಿದು ಹೇಮಾವತಿಗೆ ಬಿಟ್ಟ. ‘ಸಾ, ಇನ್ನು ಮೇಲೆ ಮಾವ ಹೆಂಗವ್ರೋ ಹಂಗೇ ಬರೀತೀನಿ’ ಎಂದ. ನಾನೂ ಅವತ್ತಿನಿಂದ ಉಪನ್ಯಾಸದ ಕಾಗದಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ.

ಮುಂದಿನ ವರ್ಗ ನಡೆದ ಅರಕಲಗೂಡಿನಲ್ಲಿ ಕತೆ ಬರೆಸಿದೆ. ಕಂಡದ್ದನ್ನು ಕಂಡ ಹಾಗೆ, ಮನೆಮಾತಿನಲ್ಲಿ ಬರೆಯಿರಿ ಎಂದದ್ದೇ ತಡ, ಜನ ಬರೆದರು ನೋಡಿ, ಅಬ್ಬಬ್ಬಾ! ಕಡೆಯ ದಿನ ಜವರೇಗೌಡ ಎಂಬ ರೈತ ತನ್ನ ಕತೆ ಓದಲು ಎದ್ದ. ಪಕ್ಕದ ಹೊಲದವನ ಎತ್ತು ನುಗ್ಗಿ ರಾಗಿ ಮೇದ ಕತೆ. ಪಕ್ಕದ ಹೊಲದವನ ಹೆಸರು, ಎತ್ತಿನ ಹೆಸರು, ಎರಡನ್ನೂ ಇದ್ದಂತೆಯೇ ಹಾಕಿದ್ದ. ಆ ಪಕ್ಕದ ಹೊಲದವನು ಎರಡನೆಯ ಸಾಲಿನಲ್ಲಿ ಕೂತಿದ್ದ.

‘ನಮ್ಮೆತ್ತು ಯಾವತ್ಲಾ ನಿನ್ನ ರಾಗಿಗೆ ಬಾಯಾಕ್ತು?’ ಎಂದು ಎದ್ದ.

‘ಕತೆ ಕಣ್ಲಾ ಇದು, ಕೂತ್ಕೊ!’ ಎಂದ ಜವರೇಗೌಡ.

‘ಕತೆ ಅಂದ್ಬುಟ್ರೆ ಆಗೋಯ್ತಾ? ನಮ್ಮೆತ್ತಿನ ಮಾನ ಓಯ್ತು!’

ಅವರ ಕಡೆಯವರು ಎದ್ದರು, ಇವರ ಕಡೆಯವರು ಎದ್ದರು, ಬೆಂಚು ಮಗುಚಿತು. ಅಧ್ಯಕ್ಷತೆ ವಹಿಸಿದ್ದ ತಾಲ್ಲೂಕಿನ ಅಮಲ್ದಾರರು ಹಾರ ಹಾಕಿಕೊಂಡೇ ಮಧ್ಯೆ ನಿಂತು ಬಿಡಿಸಬೇಕಾಯಿತು. ಈ ಸುದ್ದಿ ನಮ್ಮ ಪ್ರೊಫೆಸರು ಅನಂತಯ್ಯನವರಿಗೆ ಮುಟ್ಟಿತು. ನಾವೆಲ್ಲ ಅವರ ಕೈಕೆಳಗಿನವರು. ಕರೆಸಿ, ಕನ್ನಡಕದ ಮೇಲಿನಿಂದ ನೋಡುತ್ತಾ, ‘ಏನಯ್ಯಾ, ಸಾಹಿತ್ಯ ಕಲಿಸು ಅಂದರೆ ದೊಂಬಿ ಮಾಡಿಸಿಕೊಂಡು ಬಂದೆಯಂತೆ’ ಎಂದರು. ಬೈದದ್ದಾದ ಮೇಲೆ ಒಂದು ಸೂತ್ರ ಕೊಟ್ಟರು: ಇನ್ನು ಮುಂದೆ ಯಾರೇ ಕತೆ ಬರೆದರೂ ವ್ಯಕ್ತಿಯ ಹೆಸರು ಬದಲಾಯಿಸಬೇಕು, ಊರು ಬದಲಾಯಿಸಬೇಕು, ಕಸುಬು ಬದಲಾಯಿಸಬೇಕು. ಚನ್ನರಾಯಪಟ್ಟಣದ ವರ್ಗಕ್ಕೆ ತಾವೇ ಬಂದು ನೋಡುವುದಾಗಿಯೂ, ಅಲ್ಲಿ ಇನ್ನೊಂದು ಜಗಳವಾದರೆ ವರ್ಗಗಳನ್ನೇ ನಿಲ್ಲಿಸಿಬಿಡುವುದಾಗಿಯೂ ಹೇಳಿದರು. ನಾನು ಹೂಂ ಎಂದು ತಲೆ ಆಡಿಸಿ ಬಂದೆ.

ಚನ್ನರಾಯಪಟ್ಟಣದ ಹೊತ್ತಿಗೆ ಶಿವಣ್ಣನ ಕತೆ ಸಿದ್ಧವಾಗಿತ್ತು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಅಷ್ಟು ಚೆನ್ನಾಗಿತ್ತು. ಆ ಕಡೆ ಕೊಬ್ಬರಿ ಮಾಡುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ: ತೆಂಗಿನಕಾಯಿಯನ್ನು ಮೇಲಿನ ನಾರಿನ ಮಟ್ಟೆಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು, ಆಗ ಸುಲಿಯಲು ಬಂತು ಎಂದು ಲೆಕ್ಕ. ಶಿವಣ್ಣನ ಕತೆಯಲ್ಲಿ ಮಾವ ಅಟ್ಟದ ಮೇಲೆ ಕೂತು ಕಾಯಿ ಅಲ್ಲಾಡಿಸುತ್ತಾ, ಕೆಳಗಿನಿಂದ ಯಾರು ಏನು ಕೇಳಿದರೂ ‘ನೋಡಾನ’ ಎನ್ನುತ್ತಾನೆ. ಕೊನೆಗೆ ಹುಡುಗಿಯನ್ನು ಕೊಟ್ಟು, ಚಪ್ಪರ ಹಾಕಿಸಿ, ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾನೆ.

ಓದುವ ದಿನ ಬೆಳಿಗ್ಗೆ ಪ್ರೊಫೆಸರು ಬಂದಿಳಿದರು. ಶಿವಣ್ಣನ ಕತೆ ನೋಡಿ ಮೆಚ್ಚಿದರು. ಆದರೆ ಚಪ್ಪರ, ಹೋಳಿಗೆ ಇದ್ದ ಕೊನೆಯ ಭಾಗಕ್ಕೆ ಅಡ್ಡಗೆರೆ ಹೊಡೆದರು. ‘ಕೊಟ್ಟನೋ ಬಿಟ್ಟನೋ ಹೇಳಬೇಡಿ ಮೇಷ್ಟ್ರೇ. ಬಾಯಿ ತೆರೆದ ಎನ್ನುವಲ್ಲಿಗೆ ನಿಲ್ಲಿಸಿ. ಸಣ್ಣಕತೆಯ ಸೊಗಸು ಇರುವುದೇ ಅಲ್ಲಿ. ಮತ್ತೆ ಆ ಸೂತ್ರ ಮರೆಯಬೇಡಿ, ಹೆಸರು, ಊರು, ಕಸುಬು’ ಎಂದರು.

ಶಿವಣ್ಣ ನನ್ನನ್ನು ಮೂಲೆಗೆ ಕರೆದು, ‘ಸಾ, ಮಾವ ಕೇಳ್ಲಿ ಅಂತಲೇ ಬರೆದ ಕತೆ. ಮಾವನ್ನೇ ಮರೆಸಿ, ಮದುವೇನೂ ಹೊಡೆದಾಕಿದ್ರೆ ಇನ್ನೇನು ಉಳೀತು?’ ಎಂದ. ಅವನ ಕಣ್ಣು ತುಂಬಿತ್ತು. ಅರಸೀಕೆರೆಯವರು ಬರುವ ಸೋಮವಾರ ತಾಂಬೂಲ ಹಿಡಿದುಕೊಂಡೇ ಬರುತ್ತಾರಂತೆ.

ನನಗೂ ಸಂಕಟವಾಯಿತು. ಆದರೆ ಅರಕಲಗೂಡಿನ ಬೆಂಚು ಕಣ್ಣ ಮುಂದೆ ಇತ್ತು. ‘ಮಾವ ಸಿಟ್ಟಾಗಿ ಎದ್ದು ಹೋದರೆ ಹುಡುಗಿ ಸಿಗುತ್ತಾಳೇನಯ್ಯಾ? ಹೇಳಿದಷ್ಟು ಮಾಡು’ ಎಂದೆ. ಅವನು ಮರದ ಕೆಳಗೆ ಕೂತು ತಿದ್ದಿದ. ರುದ್ರಪ್ಪ ಹೋಗಿ ಭದ್ರಪ್ಪನಾದ, ಚನ್ನರಾಯಪಟ್ಟಣ ಹೋಗಿ ರಾಮನಾಥಪುರವಾಯಿತು. ರಾಮನಾಥಪುರವೆಂದರೆ ಹೊಗೆಸೊಪ್ಪಿನ ವ್ಯಾಪಾರ, ಆದ್ದರಿಂದ ಕೊಬ್ಬರಿ ಎಂದಿದ್ದ ಕಡೆಯೆಲ್ಲ, ಕಾಯಿ ಎಂದಿದ್ದ ಕಡೆಯೆಲ್ಲ ಹೊಗೆಸೊಪ್ಪು ಎಂದು ಹಾಕಿದ. ಅವಸರದಲ್ಲಿ ನಾನೂ ನೋಡಲಿಲ್ಲ.

ಸಂಜೆ ನಾಲ್ಕಕ್ಕೆಲ್ಲ ಶಾಲೆಯ ಹಜಾರ ತುಂಬಿತು. ಒಂದು ಪಕ್ಕದಲ್ಲಿ ಜಮಖಾನದ ಮೇಲೆ ಹೆಂಗಸರು. ಅವರಲ್ಲಿ ಹಸಿರು ಸೀರೆಯವಳೇ ಗಿರಿಜ ಎಂದು ಯಾರೋ ತೋರಿಸಿದರು. ಮುಂದಿನ ಸಾಲಿನ ನಡುವೆ ರುದ್ರಪ್ಪನವರು: ದೊಡ್ಡ ರುಮಾಲು, ಹಣೆಯ ತುಂಬ ವಿಭೂತಿ, ಮೊಣಕಾಲಿನ ನಡುವೆ ದೊಣ್ಣೆ. ಅವರ ಪಕ್ಕದ ಕುರ್ಚಿಯಲ್ಲಿ ನಮ್ಮ ಪ್ರೊಫೆಸರು, ಆಚೆಗೆ ನಾನು.

‘ರಾಮನಾಥಪುರದಲ್ಲಿ ಭದ್ರಪ್ಪ ಎಂಬ ಹೊಗೆಸೊಪ್ಪಿನ ವ್ಯಾಪಾರಿ ಇದ್ದ’ ಎಂದು ಶಿವಣ್ಣ ಶುರುಮಾಡಿದ. ಧ್ವನಿ ನಡುಗುತ್ತಿತ್ತು. ನಾಲ್ಕು ಸಾಲು ಸರಿಯಾಗಿ ಹೋಯಿತು. ಆಮೇಲೆ, ‘ಭದ್ರಪ್ಪ ಬೆಳಗಾದರೆ ಅಟ್ಟ ಹತ್ತಿ ಹೊಗೆಸೊಪ್ಪನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಗುಡುಗುಡು ಎಂದರೆ ಒಂದು ಕಡೆಗೆ, ಎನ್ನದಿದ್ದರೆ ಇನ್ನೊಂದು ಕಡೆಗೆ ಉರುಳಿಸುತ್ತಿದ್ದ’ ಎಂದು ಓದಿದ.

ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಣ್ಣನಿಗೆ ತಾನು ಓದಿದ್ದು ಏನೆಂದು ಗೊತ್ತಾದ ಹಾಗೆ ಕಾಣಲಿಲ್ಲ. ತಲೆ ಎತ್ತದೆ ಮುಂದುವರಿಸಿದ: ‘ಆಮೇಲೆ ಹೊಗೆಸೊಪ್ಪಿನ ಮಟ್ಟೆ ಸುಲಿದು, ಚಿಪ್ಪು ಒಡೆದು...’

ಹಿಂದಿನ ಸಾಲಿನಿಂದ ಒಬ್ಬ, ‘ಮೇಷ್ಟ್ರೇ, ಅಂತಾ ಒಗೆಸೊಪ್ಪು ನಮ್ಗೂ ಒಂದ್ ಮೂಟೆ ಕೊಡ್ಸಿ!’ ಎಂದು ಕೂಗಿದ. ಇಡೀ ಹಜಾರ ಹೋ ಎಂದು ನಕ್ಕಿತು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಗಲಾಟೆಯಲ್ಲಿ ರುದ್ರಪ್ಪನವರು ದೊಣ್ಣೆ ಊರಿ ಮೆಲ್ಲಗೆ ಎದ್ದು ನಿಂತರು. ನಗು ನಿಂತಿತು.

‘ಲೇ ಸಿವಾ, ನಿಲ್ಸು. ಯಾರ್ಲಾ ಅವ್ನು ಭದ್ರಪ್ಪ?’

ಶಿವಣ್ಣ ಕಾಗದ ಕೆಳಗಿಳಿಸಿದ.

‘ನಾನೇ ಕಣ್ಲಾ ಅವ್ನು! ಅಟ್ಟ ನಂದು, ಕಿವಿ ನಂದು, ನೋಡಾನ ಅನ್ನೋ ಬಾಯಿ ನಂದು. ಕಾಯಿ ಮಾತ್ರ ಅದ್ಯಾಕ್ಲಾ ಒಗೆಸೊಪ್ಪಾಯ್ತು? ನನ್ನ ಕಸುಬು ಯೋಳಾಕೆ ನಿಂಗೆ ನಾಚ್ಕೆಯಾ? ಮೊದ್ಲಿಂದ ಓದು. ಕೊಬ್ರಿ ಆಕಿ ಓದು!’

ಪ್ರೊಫೆಸರು ನನ್ನ ಕಡೆ ತಿರುಗಿ, ‘ಯಾರಯ್ಯಾ ಇವರು?’ ಎಂದು ಪಿಸುಗುಟ್ಟಿದರು.

‘ಕಥಾನಾಯಕರು ಸಾರ್’ ಎಂದೆ. ಇನ್ನೇನು ಹೇಳಲಿ?

ಶಿವಣ್ಣ ಮೊದಲಿನಿಂದ ಓದಿದ. ಈ ಸಲ ಧ್ವನಿ ನಡುಗಲಿಲ್ಲ. ಮಾಡು ಸೋರುವ ಕಡೆ ರುದ್ರಪ್ಪನವರು ದೊಣ್ಣೆ ಕುಟ್ಟಿ ನಕ್ಕರು. ಬಾವಿ ತೋಡಿಸದೆ ಹೆಂಡತಿಯಿಂದ ಬೈಸಿಕೊಳ್ಳುವ ಕಡೆ, ‘ನಿಜ ಕಣಪ್ಪ, ನಿಜ’ ಎಂದು ಕಣ್ಣೊರೆಸಿಕೊಂಡರು. ‘ನೋಡಾನ’ ಬಂದಾಗಲೆಲ್ಲ ಇಡೀ ಸಭೆ ಒಟ್ಟಿಗೆ ಹೇಳುತ್ತಿತ್ತು. ಆಮೇಲೆ ಮಗಳ ಮಾತು ಬಂತು. ಅಟ್ಟಕ್ಕೆ ಕಾಯಿ ಏರಿಸುವಾಗಲೆಲ್ಲ ಅವಳು, ಇವು ಕೆಳಗೆ ಇಳಿಯುವ ಹೊತ್ತಿಗೆ ಅಪ್ಪ ಹೂಂ ಎಂದಿರುತ್ತಾನೆ ಅಂದುಕೊಳ್ಳುತ್ತಾಳೆ. ಆ ಕಾಯಿ ಒಣಗಿ, ಇಳಿದು, ಕೊಬ್ಬರಿಯಾಗಿ ಗಾಡಿ ಹತ್ತಿ ಹೋಗುತ್ತದೆ. ಮತ್ತೆ ಹೊಸ ಕಾಯಿ ಅಟ್ಟ ಏರುತ್ತದೆ. ಅಪ್ಪ ಅದನ್ನೂ ಕಿವಿಗೆ ಹಿಡಿದು ಕೂತಿರುತ್ತಾನೆ.

ರುದ್ರಪ್ಪನವರ ನಗು ನಿಂತುಹೋಯಿತು. ತಲೆ ತಗ್ಗಿಸಿ ದೊಣ್ಣೆಯ ಹಿಡಿಯನ್ನು ಸವರುತ್ತಾ ಕೂತರು.

‘ಹುಡುಗ ಮತ್ತೊಮ್ಮೆ ಕೇಳಿದ. ರುದ್ರಪ್ಪ ಬಾಯಿ ತೆರೆದ’ ಎಂದು ಓದಿ ಶಿವಣ್ಣ ಕಾಗದ ಮಡಿಸಿದ.

ಪ್ರೊಫೆಸರು ಒಬ್ಬರೇ ಚಪ್ಪಾಳೆ ತಟ್ಟಿದರು.

‘ಮುಂದುಕ್ಕೆ?’ ಎಂದರು ರುದ್ರಪ್ಪನವರು.

‘ಅಷ್ಟೇ ಮಾವ.’

‘ಅಷ್ಟೇ ಅಂದ್ರೆ? ಬಾಯ್ ತೆಗ್ದು ಏನಂದ?’

‘ಏನಂದ ಮೇಷ್ಟ್ರೇ? ಕೊಟ್ನಾ ಇಲ್ವಾ?’ ಎಂದು ನಾಲ್ಕೂ ಕಡೆಯಿಂದ ಕೂಗೆದ್ದಿತು. ಪ್ರೊಫೆಸರು ಎದ್ದು ನಿಂತು ಕೈ ಎತ್ತಿ ಸಭೆಯನ್ನು ಸುಮ್ಮನಾಗಿಸಿ, ಅದನ್ನು ಕೇಳುವವರ ಊಹೆಗೆ ಬಿಡಬೇಕು, ಹೊಸ ಸಣ್ಣಕತೆಯ ಲಕ್ಷಣವೇ ಅದು ಎಂದು ಸಮಾಧಾನವಾಗಿ ವಿವರಿಸಿದರು.

ರುದ್ರಪ್ಪನವರು ಕೈಮುಗಿದರು. ‘ಸ್ವಾಮಿ, ತಾವು ದೊಡ್ಡೋರು, ಓದ್ದೋರು. ಆದ್ರೆ ಅಲ್ಲಿ ಬಾಯ್ ತಕ್ಕಂಡ್ ನಿಂತಿರೋನು ನಾನು. ಎಷ್ಟೊತ್ತು ಅಂತ ಇಂಗೇ ನಿಂತಿರ್ಲಿ?’

ಸಭೆ ಮತ್ತೆ ನಕ್ಕಿತು. ಪ್ರೊಫೆಸರು ಕನ್ನಡಕ ಒರೆಸುತ್ತಾ ಕೂತರು. ಶಿವಣ್ಣ ಮಾತ್ರ ನಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, ‘ಏನಂದ್ರಿ ಅಂತ ನನಗೆ ಗೊತ್ತಿಲ್ಲ ಮಾವ. ನೀವು ಹೇಳಿದ್ರೆ ಬರ್ಕೊತೀನಿ’ ಎಂದ.

ರುದ್ರಪ್ಪನವರು ಬಾಯಿ ತೆರೆದು, ‘ನೋ...’ ಎಂದರು. ಎಷ್ಟೋ ವರ್ಷದ ರೂಢಿ, ನಾಲಗೆ ತಾನಾಗಿ ಅಲ್ಲಿಗೇ ಹೋಯಿತು. ಶಿವಣ್ಣ ಕಣ್ಣು ಮುಚ್ಚಿಕೊಂಡ. ತಮ್ಮ ಮಾತು ತಮಗೇ ಕೇಳಿಸಿತೋ ಏನೋ, ಅವರು ತಟ್ಟನೆ ನಿಲ್ಲಿಸಿ ಒಮ್ಮೆ ಹೆಂಗಸರ ಕಡೆ ನೋಡಿದರು, ಒಮ್ಮೆ ಶಿವಣ್ಣನ ಕಡೆ ನೋಡಿದರು.

‘ಕೊಟ್ಟ ಅಂತ ಬರ್ಕೊಳ್ಲಾ’ ಎಂದರು.

ಆ ಹಜಾರದ ಸೂರು ಹಾರಿಹೋಗದೆ ಉಳಿದದ್ದೇ ಹೆಚ್ಚು. ಶಿವಣ್ಣನಿಗೆ ಪೆನ್ನಿನ ಮುಚ್ಚಳ ನಾನೇ ತೆಗೆದುಕೊಟ್ಟೆ. ಗದ್ದಲ ಇಳಿದ ಮೇಲೆ ರುದ್ರಪ್ಪನವರು ಜಮಖಾನದ ಕಡೆ ತಿರುಗಿ, ‘ಏನವ್ವಾ ಗಿರಿಜಾ, ಬರ್ಕಳ್ಳಿ ಅನ್ಲಾ?’ ಎಂದು ಕೇಳಿದರು.

ಹಸಿರು ಸೀರೆಯ ಹುಡುಗಿ ಎದ್ದು ನಿಂತಳು. ಮುಖ ಕೆಂಪಾಗಿತ್ತು, ಮಾತು ಮಾತ್ರ ಎಲ್ಲರಿಗೂ ಕೇಳಿಸಿತು.

‘ಬರ್ಕಳ್ಳಿ ಅಪ್ಪಯ್ಯ. ಆದ್ರೆ ಕೊಟ್ಟ ಅಂತ ಬರುದ್ರೆ ಸಾಲ್ದು. ಯಾವತ್ತು ಅಂತಾನೂ ಬರ್ಸು.’

ರುದ್ರಪ್ಪನವರು ಸಭೆಯ ಕಡೆ ತಿರುಗಿ, ‘ಯಾರ್ತಾವಾದ್ರೂ ಪಂಚಾಂಗ ಐತೇನ್ರಪ್ಪಾ?’ ಎಂದು ಕೇಳಿದರು.

ಎಲ್ಲರೂ ಜೇಬು ತಡವಿಕೊಂಡರು. ಆಗ ನಮ್ಮ ಪ್ರೊಫೆಸರು ಗಂಟಲು ಸರಿಮಾಡಿಕೊಂಡು, ಕೋಟಿನ ಒಳಜೇಬಿಗೆ ಕೈಹಾಕಿ, ಒಂದು ಸಣ್ಣ ಪಂಚಾಂಗ ಹೊರಗೆ ತೆಗೆದರು.